ಮುಳ್ಳು ಯಾವ ಕಡೆ ಹೋಗಬೇಕು? ಆ ಒಂದು ಸಾಲು ತಿದ್ದಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಹನ ಪುಟದಲ್ಲಿ ಓದುಗರೊಬ್ಬರು ತಮ್ಮ ಹಳೆಯ ಪಿಕಪ್ಪಿನ ಪೆಟ್ರೋಲ್ ಮೀಟರ್ ಬಗ್ಗೆ ಕೇಳಿದ್ದರು. ಟ್ಯಾಂಕಿನಲ್ಲಿ ಎಷ್ಟೇ ಇರಲಿ, ಮುಳ್ಳು ಫುಲ್ ದಾಟಿ ನಿಂತಿರುತ್ತದಂತೆ. ಅದಕ್ಕೆ ಬಂದ ಉತ್ತರ ಇಷ್ಟೇ: ಟ್ಯಾಂಕಿನಿಂದ ಮೀಟರಿಗೆ ಹೋಗುವ ವೈರು ಬಿಚ್ಚಿ ಗಾಡಿಯ ಲೋಹದ ಬಾಡಿಗೆ ಮುಟ್ಟಿಸಿ, ಮುಳ್ಳು ಫುಲ್‌ಗೆ ಹೋದರೆ ಮೀಟರ್ ಸರಿಯಿದೆ, ಹೋಗದಿದ್ದರೆ ಮೀಟರ್ ಬದಲಿಸಿ.

ಈ ಮಾತು ಅರ್ಧ ಸರಿ. ಇನ್ನರ್ಧವನ್ನು ನಂಬಿ ನಾನು ಒಂದು ಒಳ್ಳೆಯ ಮೀಟರನ್ನು ಬಿಚ್ಚಿ ಡ್ರಾಯರಿಗೆ ಹಾಕಿದ್ದೆ. ಆ ಓದುಗರೂ ಅದನ್ನೇ ಮಾಡುವ ಮುಂಚೆ ಈ ಪತ್ರ ಪ್ರಕಟವಾದರೆ ಸಾಕು.

ನಾನು ಮೆಕ್ಯಾನಿಕ್ ಅಲ್ಲ. ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವನು. ನನ್ನ ಪಿಕಪ್ಪಿಗೆ ಐವತ್ತು ದಾಟಿದೆ, ನನಗೆ ಅದಕ್ಕಿಂತ ಜಾಸ್ತಿ. ಒಂದು ಬೇಸಿಗೆಯಲ್ಲಿ ಅದರ ಚಾಸಿಯ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ, ತುಕ್ಕು ಕೆರೆದು, ಎರಡು ಕೋಟು ಕಪ್ಪು ಬಣ್ಣ ಹೊಡೆದೆ. ಆಮೇಲೆ ಒಂದೆರಡು ವಾರಕ್ಕೆ ಪೆಟ್ರೋಲ್ ಮೀಟರಿನ ಮುಳ್ಳು ಫುಲ್ ಗೆರೆಯನ್ನೂ ದಾಟಿ ಬಲಕ್ಕೆ ಒರಗಿಕೊಂಡಿತು. ಅಲ್ಲಿಂದ ಅಲ್ಲಾಡಲೇ ಇಲ್ಲ. ಬಣ್ಣಕ್ಕೂ ಮುಳ್ಳಿಗೂ ಏನು ಸಂಬಂಧ? ನನಗೆ ಹೊಳೆಯಲಿಲ್ಲ. ಮೀಟರ್ ಫುಲ್ ಅನ್ನುತ್ತಿರುವಾಗಲೇ ಗಾಡಿ ಎರಡು ಸಲ ಖಾಲಿಯಾಗಿ ನಿಂತಿತು. ಎರಡನೇ ಸಲ ಹೆಂಡತಿಯೂ ಜೊತೆಗಿದ್ದಳು. "ರೀ, ಮೀಟರ್ ನೋಡ್ಕೊಂಡು ಓಡ್ಸೋದು ಬಿಟ್ಟು ಒಂದು ಕೋಲು ಹಾಕಿ ನೋಡ್ಬಾರ್ದಾ?" ಅಂದಳು. ಎರಡು ತಿಂಗಳು ಹಾಗೇ ಮಾಡಿದೆ. ಟ್ಯಾಂಕಿನ ಬಾಯಿಯ ಕೊಳವೆ ಸೊಟ್ಟಗಿರುವುದರಿಂದ ಕೋಲು ತಳ ಮುಟ್ಟುತ್ತಿರಲಿಲ್ಲ. ಬಗ್ಗುವ ಪ್ಲಾಸ್ಟಿಕ್ ಪಟ್ಟಿ ಇಳಿಸಬೇಕಾಯಿತು.

ಆಗ ಒಬ್ಬ ಗೆಳೆಯ ಹೇಳಿದ್ದು ನಿಮ್ಮ ಪುಟದಲ್ಲಿ ಬಂದ ಇದೇ ಮಾತು. ಅವನ ಬಳಿಯೂ ಹಳೆಯ ಪಿಕಪ್ ಇತ್ತು, ಬೇರೆ ಕಂಪನಿಯದು. ಅವನು ವೈರು ಬಾಡಿಗೆ ಮುಟ್ಟಿಸಿದಾಗ ಮುಳ್ಳು ಮೆಲ್ಲಗೆ ಫುಲ್‌ಗೆ ಏರಿತ್ತಂತೆ. ನಾನೂ ಮುಟ್ಟಿಸಿದೆ. ನನ್ನ ಮುಳ್ಳು ಟಕ್ ಅಂತ ಎಂಪ್ಟಿಗೆ ಬಿತ್ತು. ಫುಲ್‌ಗೆ ಹೋಗಲಿಲ್ಲ, ಹಾಗಾದರೆ ಮೀಟರ್ ಸತ್ತಿದೆ ಅಂತ ತೀರ್ಮಾನಿಸಿ, ಹುಡುಕಾಡಿ ಅದೇ ಮಾದರಿಯ ಇನ್ನೊಂದು ಹಳೆಯ ಮೀಟರ್ ತಂದು ಕೂರಿಸಿದೆ. ಕೀಲಿ ತಿರುಗಿಸಿದೆ. ಹೊಸದಾಗಿ ಬಂದ ಮುಳ್ಳೂ ಫುಲ್ ದಾಟಿ ಅದೇ ಜಾಗದಲ್ಲಿ ಹೋಗಿ ಒರಗಿತು.

ಎರಡು ಗಡಿಯಾರ ಒಂದೇ ತಪ್ಪು ಸಮಯ ತೋರಿಸಿದರೆ ಅನುಮಾನ ಗಡಿಯಾರದ ಮೇಲೆ ಬರಬಾರದು, ಅಲ್ವಾ? ಆಗ ವೋಲ್ಟು, ಓಮ್ ಅಳೆಯುವ ಮಲ್ಟಿಮೀಟರ್ ತೆಗೆದೆ. ಮೊದಲೇ ತೆಗೆಯಬೇಕಿತ್ತು, ಅದರಲ್ಲೂ ನನ್ನ ಕಸುಬಿನವನು.

ಟ್ಯಾಂಕಿನೊಳಗೆ ಇರುವುದು ದೊಡ್ಡ ವಿದ್ಯೆಯೇನಲ್ಲ. ಒಂದು ಕಡ್ಡಿಯ ತುದಿಯಲ್ಲಿ ತೇಲುವ ಫ್ಲೋಟ್. ಕಡ್ಡಿಯ ಇನ್ನೊಂದು ತುದಿ ಸಣ್ಣ ತಂತಿ ಸುತ್ತಿದ ಪಟ್ಟಿಯ ಮೇಲೆ ಜಾರುತ್ತದೆ. ರೇಡಿಯೊದ ವಾಲ್ಯೂಮ್ ತಿರುಪು ಇದೆಯಲ್ಲ, ಅದೇ ಕೆಲಸ, ಕೈ ಮಾತ್ರ ಪೆಟ್ರೋಲಿನದು. ಮಟ್ಟ ಏರಿಳಿದಂತೆ ಓಮ್, ಅಂದರೆ ಕರೆಂಟಿಗೆ ಎದುರಾಗುವ ತಡೆಯ ಅಳತೆ, ಬದಲಾಗುತ್ತದೆ, ಮೀಟರ್ ಅದನ್ನು ನೋಡಿ ಮುಳ್ಳು ಆಡಿಸುತ್ತದೆ. ತಕರಾರು ಇರುವುದು ಯಾವ ಕಡೆ ಎಷ್ಟು ಓಮ್ ಅನ್ನುವುದರಲ್ಲಿ. 1960ರ ದಶಕದ ಕೊನೆಯಿಂದ ಬಂದ ಷೆವ್ರೊಲೆ, ಜಿಎಂಸಿ ಪಿಕಪ್ಪುಗಳಲ್ಲಿ ಖಾಲಿಗೆ 0 ಓಮ್, ಪೂರ್ತಿಗೆ 90 ಓಮ್. ಅದೇ ಕಾಲದ ಫೋರ್ಡ್‌ಗಳಲ್ಲಿ ಉಲ್ಟಾ: ಖಾಲಿಗೆ 73ರ ಸುಮಾರು, ಪೂರ್ತಿಗೆ 10ರ ಸುಮಾರು. ಫೋರ್ಡ್‌ನವರೇ 1980ರ ದಶಕದ ಕೊನೆಗೆ ದಿಕ್ಕು ಬದಲಿಸಿ ಖಾಲಿಗೆ 16, ಪೂರ್ತಿಗೆ 158 ಮಾಡಿದರು. ಒಂದೇ ಕಂಪನಿಯ ಎರಡು ಗಾಡಿಗೂ ಒಂದೇ ಪರೀಕ್ಷೆಯ ಉತ್ತರ ಬೇರೆ ಬೇರೆ.

ವೈರು ಬಾಡಿಗೆ ಮುಟ್ಟಿಸಿದರೆ ಮೀಟರಿಗೆ ಕಾಣುವುದು 0 ಓಮ್. ಗೆಳೆಯನ ಗಾಡಿಯಲ್ಲಿ ಕಡಿಮೆ ಓಮ್ ಅಂದರೆ ಫುಲ್. ನನ್ನ ಗಾಡಿಯಲ್ಲಿ 0 ಅಂದರೆ ಖಾಲಿ. ನನ್ನ ಮುಳ್ಳು ಎಂಪ್ಟಿಗೆ ಬಿದ್ದು ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ನಾನು ಪ್ರಶ್ನೆಪತ್ರಿಕೆ ಬೇರೆಯದನ್ನು ಹಿಡಿದು ಅದನ್ನು ಫೇಲ್ ಮಾಡಿದ್ದೆ.

ಹಾಗಾಗಿ ನಿಮ್ಮ ಪುಟದ ಆ ಸಾಲು ಹೀಗಿರಬೇಕಿತ್ತು: ವೈರು ಬಿಚ್ಚಿ ಗಾಳಿಯಲ್ಲಿ ಬಿಟ್ಟಾಗ ಮುಳ್ಳು ಒಂದು ತುದಿಗೆ ಹೋಗಬೇಕು, ಬಾಡಿಗೆ ಮುಟ್ಟಿಸಿದಾಗ ಇನ್ನೊಂದು ತುದಿಗೆ. ಎರಡೂ ಕಡೆ ಓಡಾಡಿದರೆ ಮೀಟರೂ ಅಲ್ಲಿಯವರೆಗಿನ ವೈರೂ ಬದುಕಿವೆ. ಯಾವ ತುದಿ ಅನ್ನುವುದು ಗಾಡಿಗೆ ಬಿಟ್ಟದ್ದು. ಮುಟ್ಟಿಸುವುದು ಎರಡು ಮೂರು ಸೆಕೆಂಡ್ ಸಾಕು. ಮೆಲ್ಲಗೆ ಏರುವ ಜಾತಿಯ ಮೀಟರಿನಲ್ಲಿ ಒಳಗೆ ಬಿಸಿಯಾಗಿ ಬಾಗುವ ಪಟ್ಟಿ ಇರುತ್ತದೆ. ಜಾಸ್ತಿ ಹೊತ್ತು ಹಿಡಿದರೆ ಅದು ಸುಟ್ಟು, ಚೆನ್ನಾಗಿದ್ದ ಮೀಟರ್ ನಿಜವಾಗಿಯೂ ಸಾಯುತ್ತದೆ.

ಇನ್ನು ಆ ಓದುಗರ ಗಾಡಿಯ ವಿಷಯ. ಮುಳ್ಳು ಯಾವಾಗಲೂ ಫುಲ್ ದಾಟಿ ನಿಲ್ಲುತ್ತದೆ ಅಂದರೆ, ಅವರದ್ದು ನನ್ನ ಗಾಡಿಯ ಜಾತಿಯದಾಗಿದ್ದರೆ, ಎಲ್ಲೋ ದಾರಿ ಕಡಿದಿದೆ ಅಂತ ಅರ್ಥ. ದಾರಿ ಕಡಿದರೆ ಓಮ್ ಮಿತಿಮೀರುತ್ತದೆ; 90ಕ್ಕಿಂತ ಜಾಸ್ತಿ ಓಮ್ ಕಂಡರೆ ಮುಳ್ಳು ಫುಲ್ ದಾಟದೆ ಇನ್ನೇನು ಮಾಡುತ್ತದೆ? ಕಡಿದಿರುವುದು ವೈರಿನಲ್ಲಿರಬಹುದು, ಕನೆಕ್ಟರಿನಲ್ಲಿರಬಹುದು, ಟ್ಯಾಂಕಿನ ಒಳಗಿರಬಹುದು. ಮೊದಲು ನೋಡಬೇಕಾದ್ದು ಮಾತ್ರ ಅರ್ತ್, ಅಂದರೆ ಕರೆಂಟು ಟ್ಯಾಂಕಿನಿಂದ ಚಾಸಿಗೆ ವಾಪಸಾಗುವ ದಾರಿ. ಟ್ಯಾಂಕನ್ನು ಕಬ್ಬಿಣದ ಪಟ್ಟಿಯಿಂದ ಬಿಗಿದಿರುತ್ತಾರೆ, ಆದರೆ ಪಟ್ಟಿಗೂ ಟ್ಯಾಂಕಿಗೂ ನಡುವೆ ರಬ್ಬರ್ ಇರುತ್ತದೆ. ನೋಡಲು ಕಬ್ಬಿಣಕ್ಕೆ ಕಬ್ಬಿಣ ತಾಗಿದಂತೆ ಕಂಡರೂ ಕರೆಂಟಿಗೆ ದಾರಿ ಇಲ್ಲ. ದಾರಿ ಇರುವುದು ಟ್ಯಾಂಕಿನ ನೆತ್ತಿಯಿಂದ ಚಾಸಿಗೆ ಬರುವ ಒಂದು ಗೇಣುದ್ದದ ಕಪ್ಪು ವೈರಿನಲ್ಲಿ.

ನಾನು ಗಾಡಿಯ ಕೆಳಗೆ ಅಂಗಾತ ಮಲಗಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಆ ವೈರನ್ನು ಹುಡುಕಿದೆ. ವೈರು ಚೆನ್ನಾಗಿಯೇ ಇತ್ತು. ತುದಿಯ ಉಂಗುರವೂ ಇತ್ತು, ಸ್ಕ್ರೂ ಬಿಗಿಯಾಗಿತ್ತು. ಸ್ಕ್ರೂ ತಿರುಗಿಸಿ ತೆಗೆದಾಗ ಉಂಗುರದ ಅಡಿಯಲ್ಲಿ ಹೊಳೆಯುವ ಕಪ್ಪು ಬಣ್ಣ. ಎರಡು ಕೋಟು. ನನ್ನದೇ ಕೈ. ಚಾಸಿ ಕೆರೆಯುವಾಗ ವೈರು ಬಿಚ್ಚಿ ಪಕ್ಕಕ್ಕೆ ಸರಿಸಿದ್ದೆ, ಒಣಗಿದ ಮೇಲೆ ಬಣ್ಣದ ಮೇಲೆಯೇ ಕೂರಿಸಿ ಬಿಗಿದಿದ್ದೆ. ಸ್ಕ್ರೂವಿನ ಎಳೆಗಳಿಂದ ಒಂದೆರಡು ವಾರ ಹೇಗೋ ಕರೆಂಟ್ ಹರಿದಿದೆ. ಆಮೇಲೆ ಅಲ್ಲಿಗೂ ತುಕ್ಕು ಹತ್ತಿ ನಿಂತಿದೆ.

ಖಾತ್ರಿ ಮಾಡಿಕೊಳ್ಳಲು ಸುಲಭದ ದಾರಿ ಇದೆ. ಕೀಲಿ ಬಂದ್ ಮಾಡಿ, ಟ್ಯಾಂಕಿನ ಅರ್ತ್ ಉಂಗುರದಿಂದ ಚಾಸಿಯ ಬೋಳು ಲೋಹಕ್ಕೆ ಒಂದು ಬೇರೆ ವೈರು ಕ್ಲಿಪ್ ಮಾಡಿ. ಆಮೇಲೆ ಕೀಲಿ ಹಾಕಿ. ನನ್ನ ಮುಳ್ಳು ಫುಲ್ ಬಿಟ್ಟು ಇಳಿದು ಕಾಲು ಟ್ಯಾಂಕಿನ ಗೆರೆಯ ಹತ್ತಿರ ನಿಂತಿತು. ಪ್ಲಾಸ್ಟಿಕ್ ಪಟ್ಟಿ ಇಳಿಸಿ ನೋಡಿದೆ, ಅದೂ ಹೆಚ್ಚುಕಡಿಮೆ ಅಷ್ಟೇ ಅಂದಿತು. ಎಮರಿ ಪೇಪರಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಉಜ್ಜಿ ಲೋಹ ಬಿಳಿ ಮಾಡಿ, ಉಂಗುರ ಕೂರಿಸಿ, ಮೇಲೆ ಗ್ರೀಸ್ ಸವರಿದೆ. ರಿಪೇರಿ ಮುಗಿಯಿತು.

ಅರ್ತ್ ಪೂರ್ತಿ ಕಡಿಯದೆ ಅರೆಬರೆ ಆಗಿದ್ದರೆ ಇನ್ನೂ ಮೋಸ. ಸಂದಿಯಲ್ಲಿ ಕಿಲುಬು ಕಟ್ಟಿ 20 ಓಮ್ ಸೇರಿಕೊಂಡಿತು ಅನ್ನಿ. 0ಯಿಂದ 90ರ ಗಾಡಿಯಲ್ಲಿ ಮೀಟರ್ ಕಾಲು ಟ್ಯಾಂಕಿನಷ್ಟು ಜಾಸ್ತಿ ತೋರಿಸುತ್ತದೆ. ನೀವು ನಂಬಿ ಹೊರಡುತ್ತೀರಿ, ದಾರಿಯಲ್ಲಿ ನಿಲ್ಲುತ್ತೀರಿ. 73ರಿಂದ 10ರ ಗಾಡಿಯಲ್ಲಿ ಅದೇ ಕಿಲುಬು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಸುಮ್ನೆ ಎರಡು ಸಲ ಜಾಸ್ತಿ ಪೆಟ್ರೋಲ್ ಬಂಕಿಗೆ ಹೋಗುತ್ತೀರಿ, ಅಷ್ಟೇ. ಎರಡರಲ್ಲಿ ಯಾವ ಸುಳ್ಳು ಮೇಲು ಅಂತ ಕೇಳಿದರೆ ನಾನಂತೂ ಗೆಳೆಯನ ಗಾಡಿಯ ಸುಳ್ಳನ್ನೇ ಆರಿಸುತ್ತೇನೆ.

ಆ ಗೆಳೆಯನ ಮುಳ್ಳು ಎಂಪ್ಟಿ ಬಿಟ್ಟು ಮೇಲೇಳದೆ ಇದ್ದದ್ದಕ್ಕೆ ಕಾರಣ ಫ್ಲೋಟ್. ಟ್ಯಾಂಕ್ ಇಳಿಸಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ಗುಳುಗುಳು ಅಂದಿತು. ಹಿತ್ತಾಳೆಯ ಫ್ಲೋಟಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಪೆಟ್ರೋಲ್ ತುಂಬಿ ಮುಳುಗುತ್ತದೆ. ಇನ್ನೂ ಹಳೆಯ ಗಾಡಿಗಳಲ್ಲಿ ಬೆಂಡಿನ ಫ್ಲೋಟ್ ಇರುತ್ತದೆ, ಅದು ವರ್ಷಗಟ್ಟಲೆ ನೆನೆದು ಭಾರವಾಗುತ್ತದೆ. ಅವನು ತೂತಿಗೆ ಬೆಸುಗೆ ಹಾಕುತ್ತೇನೆ ಅಂತ ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ. ಒಳಗೆ ಪೆಟ್ರೋಲ್ ಆವಿ ಇರುವ ಮುಚ್ಚಿದ ಡಬ್ಬಿಗೆ ಕಾದ ಬೆಸುಗೆ ಸಲಾಕೆ ಇಡುವುದು ರಿಪೇರಿ ಅಲ್ಲ. ಹೊಸ ಫ್ಲೋಟ್ ಹಾಕಿದ, ಮುಳ್ಳು ಎದ್ದಿತು.

ಅವನ ಜಾತಿಯ ಗಾಡಿಯವರಿಗೆ ಇನ್ನೊಂದು ಮಾತು. ಪೆಟ್ರೋಲ್ ಮುಳ್ಳಿನ ಜೊತೆ ಇಂಜಿನ್ ಬಿಸಿ ತೋರಿಸುವ ಮುಳ್ಳೂ ಒಟ್ಟಿಗೆ ಏರುಪೇರಾದರೆ ಟ್ಯಾಂಕಿನ ತಂಟೆಗೇ ಹೋಗಬೇಡಿ. ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ರೆಗ್ಯುಲೇಟರ್ ಇರುತ್ತದೆ. ಅದು ಬ್ಯಾಟರಿಯ 12 ವೋಲ್ಟನ್ನು ಬಿಟ್ಟು ಬಿಟ್ಟು ಕಳಿಸಿ ಸರಾಸರಿ 5 ವೋಲ್ಟಿನಷ್ಟು ಮಾಡುತ್ತದೆ. ಅದು ಕೆಟ್ಟರೆ, ಇಲ್ಲವೇ ಅದರ ಅರ್ತ್ ಸಡಿಲವಾದರೆ, ಪೂರ್ತಿ 12 ವೋಲ್ಟ್ ಹೋಗಿ ಎರಡು ಮುಳ್ಳೂ ಮೇಲಕ್ಕೆ ಹಾರುತ್ತವೆ. ನೋಡಬೇಕೆಂದರೆ ಮುಳ್ಳಿನ ವೋಲ್ಟ್ ಮೀಟರ್ ಹಿಡಿಯಿರಿ. ಅದು ನಾಡಿಯ ಹಾಗೆ ಬಡಿಯುತ್ತಿದ್ದರೆ ರೆಗ್ಯುಲೇಟರ್ ಕೆಲಸ ಮಾಡುತ್ತಿದೆ. ಡಿಜಿಟಲ್ ಮೀಟರಿನಲ್ಲಿ ಅಂಕಿಗಳು ಕುಣಿಯುತ್ತವೆ, ಏನೂ ತಿಳಿಯುವುದಿಲ್ಲ.

ಟ್ಯಾಂಕ್ ಬಿಚ್ಚಲೇಬೇಕಾಗಿ ಬಂದರೆ ನಿಮ್ಮ ಪುಟ ಒಂದು ಎಚ್ಚರಿಕೆಯನ್ನಾದರೂ ಕೊಡಬೇಕಿತ್ತು. ಮೊದಲು ಬ್ಯಾಟರಿ ವೈರು ತೆಗೆಯಿರಿ. ಬಯಲಿನಲ್ಲಿ ಕೆಲಸ ಮಾಡಿ. ಹತ್ತಿರದಲ್ಲಿ ವೈರು ಜೋತುಬಿಟ್ಟ ಬಲ್ಬ್ ಬೇಡ, ಅದು ಒಡೆದರೆ ಅಷ್ಟೇ ಸಾಕು. ಫ್ಲೋಟ್, ಕಡ್ಡಿ, ತಂತಿಪಟ್ಟಿ ಸೇರಿದ ಯೂನಿಟ್ಟನ್ನು ಬಿಗಿದಿರುವ ರಿಂಗನ್ನು ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದು ತಿರುಗಿಸುವವರಿದ್ದಾರೆ. ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಕಿಡಿ. ಹಿತ್ತಾಳೆಯ ಸಲಾಕೆ ಇಟ್ಟು ಹೊಡೆಯಿರಿ. ಹಳೆಯ ಗ್ಯಾಸ್ಕೆಟ್ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಹಾಕಬೇಡಿ.

ಹೊರಗೆ ತೆಗೆದ ಯೂನಿಟ್ಟಿಗೆ ಮಲ್ಟಿಮೀಟರ್ ಹಚ್ಚಿ ಕಡ್ಡಿಯನ್ನು ತೀರಾ ನಿಧಾನವಾಗಿ ಎತ್ತಿ ಇಳಿಸಿ. ಓಮ್ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು ಇಲ್ಲವೇ ಇಳಿಯಬೇಕು. ನಡುವೆ ಒಂದು ಕಡೆ ಮಲ್ಟಿಮೀಟರಿನ ಅಂಕಿ ಮಾಯವಾಗಿ ಮತ್ತೆ ಬಂದರೆ ಅಲ್ಲಿ ತಂತಿ ಸವೆದಿದೆ. ಓಡಿಸುವಾಗ ಮುಳ್ಳು ಒಂದೇ ಜಾಗದಲ್ಲಿ ಬೆಚ್ಚಿಬಿದ್ದಂತೆ ಹಾರುತ್ತದಲ್ಲ, ಅದೇ ಜಾಗ. ಇದಕ್ಕೆ ಮದ್ದಿಲ್ಲ, ಹೊಸ ಯೂನಿಟ್ ಹಾಕಬೇಕು. ತರುವಾಗ ನಿಮ್ಮ ಮೀಟರಿಗೆ ಎಷ್ಟು ಓಮ್ ಬೇಕು ಅಂತ ಹೇಳಿ ತನ್ನಿ. ಉಲ್ಟಾ ಜಾತಿಯದನ್ನು ಹಾಕಿದರೆ ಪೆಟ್ರೋಲ್ ತುಂಬಿಸಿದಂತೆಲ್ಲ ಮುಳ್ಳು ಇಳಿಯುತ್ತಾ ಹೋಗುತ್ತದೆ.

ಇಷ್ಟೆಲ್ಲ ಆದಮೇಲೂ ಮುಳ್ಳು ಅರ್ಧ ತೋರಿಸಿದರೆ ಅರ್ಧ ಇದೆ ಅಂತ ತಿಳಿಯಬೇಡಿ. ಟ್ಯಾಂಕು ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವುದಿಲ್ಲ. ನಾನು ಖಾಲಿ ಟ್ಯಾಂಕಿಗೆ 5 ಲೀಟರಿನ ಕ್ಯಾನಿನಿಂದ ಅಳೆದು ಅಳೆದು ಹಾಕಿ, ಒಂದೊಂದು ಸಲವೂ ಮುಳ್ಳು ಎಲ್ಲಿ ನಿಂತಿತು ಅಂತ ಬರೆದಿಟ್ಟಿದ್ದೇನೆ. ಆ ಚೀಟಿ ಸನ್‌ವೈಸರಿಗೆ ಸಿಕ್ಕಿಸಿದೆ. ನನ್ನ ಗಾಡಿಯಲ್ಲಿ ಮುಳ್ಳು ಎಂಪ್ಟಿ ಮುಟ್ಟಿದಾಗ ಇನ್ನೂ 5 ಲೀಟರ್ ಉಳಿದಿರುವ ಹಾಗೆ ಕಡ್ಡಿಯನ್ನು ಚೂರು ಬಗ್ಗಿಸಿಕೊಂಡಿದ್ದೇನೆ. ಎರಡು ಸಲ ನಡೆದವನಿಗೆ ಆ 5 ಲೀಟರ್ ಬೇಕು.

ನಿಮ್ಮ ಪುಟ ಓದಿದ ದಿನ ಡ್ರಾಯರಿನಿಂದ ಆ ಹಳೆಯ ಮೀಟರ್ ತೆಗೆದೆ. 12 ವೋಲ್ಟಿಗೆ ಜೋಡಿಸಿ, ಟ್ಯಾಂಕಿನ ಯೂನಿಟ್ಟಿನ ಬದಲು ರೇಡಿಯೊ ಕಾಲದ 100 ಓಮಿನ ತಂತಿ ಸುತ್ತಿದ ತಿರುಪನ್ನು ಹಚ್ಚಿದೆ. 0ಗೆ ಇಟ್ಟೆ, ಮುಳ್ಳು ಎಂಪ್ಟಿ. 40ರ ಆಸುಪಾಸಿಗೆ ತಿರುಗಿಸಿದೆ, ಅರ್ಧ. 90ಕ್ಕೆ ಫುಲ್. ಎಲ್ಲೂ ತಡವರಿಸಲಿಲ್ಲ. ನಿನ್ನೆ ಅದನ್ನೇ ಮತ್ತೆ ಗಾಡಿಗೆ ಹಾಕಿದ್ದೇನೆ. ಆಮೇಲೆ ತಂದಿದ್ದು ಈಗ ಡ್ರಾಯರಿನಲ್ಲಿದೆ. ಪ್ರಶ್ನೆ ಕೇಳಿದ ಓದುಗರು ಅರ್ತ್ ಉಜ್ಜಿ ನೋಡಿದ ಮೇಲೂ, ವೈರು ಎರಡೂ ರೀತಿ ಪರೀಕ್ಷಿಸಿದ ಮೇಲೂ ಅವರ ಮೀಟರ್ ಅಲ್ಲಾಡದಿದ್ದರೆ, ಮತ್ತು ಅವರದ್ದು 0ಯಿಂದ 90ರ ಜಾತಿಯಾಗಿದ್ದರೆ, ನಿಮ್ಮ ಮೂಲಕ ತಿಳಿಸಲಿ. ಕಳಿಸಿಕೊಡುತ್ತೇನೆ.

ಇತಿ,
ಹಳೆಯ ಪಿಕಪ್ಪಿನ ಒಬ್ಬ ಓದುಗ