ವೇಡರ್ ಗೊಂಬೆ ಕೊಳ್ಳೋರಿಗೆ

ಎಲ್ಲರಿಗೂ ನಮಸ್ಕಾರ್ರಿ. ಆನ್‌ಲೈನ್‌ನಾಗ 'ಮೊದಲ ವರ್ಷದ ಡಾರ್ತ್ ವೇಡರ್' (ಸ್ಟಾರ್ ವಾರ್ಸ್ ಸಿನಿಮಾದ ಖಳನಾಯಕನ ಗೊಂಬೆ) ಅಂತ ಕಂಡ ಕೂಡಲೇ ರೊಕ್ಕ ಹಾಕಬ್ಯಾಡ್ರಿ. ಕೆನ್ನರ್ ಅನ್ನೋ ಅಮೆರಿಕದ ಆಟಿಕೆ ಕಂಪನಿಯ ಮೊದಲ 12 ಸ್ಟಾರ್ ವಾರ್ಸ್ ಗೊಂಬೆ ಅಂಗಡಿಗೆ ಬಂದದ್ದು 1978ರಾಗ. ವೇಡರ್ ಅದರಾಗ ಒಬ್ಬ. ಕಾಲಿನ ಹಿಂದೆ 1977 ಅಂತ ಅಚ್ಚಿರತೈತಿ, ಆದರೆ ಅದು ಹಕ್ಕಿನ (ಕಾಪಿರೈಟ್) ವರ್ಷ, ತಯಾರಾದ ವರ್ಷ ಅಲ್ಲ. ಮುಂದಿನ ವರ್ಷಗಳಾಗ ತಯಾರಾದ ಗೊಂಬೆ ಮೇಲೂ ಅದೇ ಇರತೈತಿ. ಅದಕ್ಕಂತ ಹೆಚ್ಚು ಕೊಡಬ್ಯಾಡ್ರಿ.

ಕೈಯೊಳಗಿಂದ ಜಾರಿ ಬರೋ ಕೆಂಪು ಕತ್ತಿ, ಅದರ ಸಣ್ಣ ತುದಿ ಸಮೇತ ಐತೇನು ಅಂತ ಫೋಟೋ ಕೇಳ್ರಿ. ಬಹಳ ಗೊಂಬೆಗಳಾಗ ತುದಿ ಮುರಿದಿರತೈತಿ. ಕತ್ತಿಯೊಳಗಿಂದ ಇನ್ನೊಂದು ಎಳೆ ಹೊರಬರೋ ನಮೂನೆ ಭಾಳ ಅಪರೂಪ, ನಕಲಿನೂ ಅದರಾಗೇ ಜಾಸ್ತಿ. ಕಪ್ಪು ವಿನೈಲ್ ಮೇಲಂಗಿ ತೋಳಿನ ತೂತಿನ ಹತ್ತಿರ ಸೀಳಿರತೈತಿ, ಅಲ್ಲಿ ಕಣ್ಣಿಡ್ರಿ. ನನಗಂತೂ ಆ ಮೇಲಂಗಿ ಇಲ್ಲದ ವೇಡರ್ ವೇಡರ್ ಅನ್ನಿಸೋದೇ ಇಲ್ಲ.

ನಮ್ಮ ಬಳ್ಳಾರಿ ಬಿಸಿಲಿನಾಗ ಬೈಕ್ ಡಿಕ್ಕಿಯೊಳಗೆ ಗೊಂಬೆ ಬಿಡಬ್ಯಾಡ್ರಿ. ಕಿಟಕಿ ಹತ್ತಿರದ ಶೋಕೇಸೂ ಬ್ಯಾಡ.

ಭಾನುವಾರ ಬೆಳಿಗ್ಗೆ ರಾಯಲ್ ಸರ್ಕಲ್ ಹತ್ತಿರ ಸೇರೋಣ. ಕೊಳ್ಳೋಕೆ ನೋಡಿಟ್ಟಿರೋ ಗೊಂಬೆಯ ಫೋಟೋ ಇದ್ದರೆ ಮೊದಲೇ ಇಲ್ಲಿ ಹಾಕ್ರಿ, ಹಿರಿಯರು ನೋಡಿ ಹೇಳ್ತಾರ.