ಶಾಸಕರೇ, ಇಸಿಜಿ ರೂಮಿನ ಕೀಲಿ ರಾತ್ರಿ ಯಾರ ಹತ್ತಿರ ಇರುತ್ತದೆ?

ಮಾನ್ಯ ಶಾಸಕರಿಗೆ, ಹಾವೇರಿ ಜಿಲ್ಲೆಯ ನಿಮ್ಮ ಮತದಾರನ ನಮಸ್ಕಾರ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ನಮ್ಮ ಕಾಕಾಗೆ ಎದೆನೋವು ಬಂತು. ಸಂಜೆ ಮಿರ್ಚಿ ತಿಂದಿದ್ದರು, ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಸಿದೆವು. ಅದು ನಮ್ಮ ತಪ್ಪು. ಬೆವರು ಸುರಿಯತೊಡಗಿದ ಮೇಲೆ ಸರ್ಕಾರಿ ಆಸ್ಪತ್ರೆಗೆ ಓಡಿದೆವು. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ. ಅವತ್ತು ಡ್ಯೂಟಿಯಲ್ಲಿದ್ದ ಸಿಸ್ಟರ್ ಒಳ್ಳೆಯವರು, ಸುಮ್ನೆ ಅವರಿಗೆ ಯಾಕೆ ನೋಟಿಸು?

ಇಸಿಜಿ, ಅಂದರೆ ಹೃದಯದ ಮಿಡಿತವನ್ನು ಕಾಗದದ ಪಟ್ಟಿಯ ಮೇಲೆ ಗೆರೆಯಾಗಿ ಬರೆಯುವ ಪರೀಕ್ಷೆ, ಕೇಳಿದರೆ, "ಮಷಿನ್ ಆ ರೂಮಿನ್ಯಾಗ ಐತ್ರೀ, ಕೀಲಿ ಟೆಕ್ನಿಷಿಯನ್ ಕಡೆ ಐತಿ" ಎಂದರು. ಕೀಲಿ ಬರಲು ಮುಕ್ಕಾಲು ತಾಸು. ಬಾಗಿಲು ತೆಗೆದರೆ ಕಾಗದದ ರೋಲ್ ಖಾಲಿ. ಹೊಸದು ಹುಡುಕಿ ಹಾಕಿ, ಜೆಲ್ ಹಚ್ಚಿ ರಬ್ಬರ್ ಬುಗ್ಗೆ ಕೂರಿಸಿದರೆ ಕಾಕಾನ ಎದೆಯ ಕೂದಲಿಗೆ ಅವು ನಿಲ್ಲಲೊಲ್ಲವು. ಸಿಸ್ಟರ್ ಬ್ಲೇಡ್ ತಂದು ಬೋಳಿಸಿದರು. ಆಮೇಲೆ ಪಟ್ಟಿ ಹೊರಬರಲು ಒಂದು ನಿಮಿಷವೂ ಹಿಡಿಯಲಿಲ್ಲ.

ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಹೃದಯದ ರಕ್ತನಾಳ ಪೂರ್ತಿ ಮುಚ್ಚಿದ್ದರೆ ಹೆಚ್ಚಾಗಿ ಪಟ್ಟಿಯ ಗೆರೆ ಗುಡ್ಡದ ಹಾಗೆ ಮೇಲೇಳುತ್ತದೆ. ಹೃದಯಕ್ಕೆ ಪೆಟ್ಟಾಗಿದೆಯೋ ಅಂತ ನೋಡುವ ರಕ್ತದ ಟ್ರೊಪೋನಿನ್ ಪರೀಕ್ಷೆ ಮೊದಲ ತಾಸುಗಳಲ್ಲಿ ಎಲ್ಲ ಸರಿ ಇದೆ ಅಂತಲೇ ತೋರಿಸಬಹುದು. ಒಮ್ಮೊಮ್ಮೆ ಮೊದಲ ಇಸಿಜಿಯೂ ಅಷ್ಟೇ. ನೋವು ಹೋಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು. ಮಷಿನ್ ಮಂಚದ ಪಕ್ಕದಲ್ಲೇ ಇರಬೇಕು ಅನ್ನುವುದು ಅದಕ್ಕೇ.

ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗಳಲ್ಲೇ ಪುಕ್ಕಟೆ. ಒಳ್ಳೆಯ ಯೋಜನೆ. ಆದರೆ ಆ ಇಂಜೆಕ್ಷನ್ ಕೊಡಬೇಕೋ ಬೇಡವೋ ಅಂತ ಹೇಳುವುದು ಇಸಿಜಿ ಪಟ್ಟಿ. ಅದೇ ಕೀಲಿಯೊಳಗಿದ್ದರೆ ಇಂಜೆಕ್ಷನ್ನೂ ಕೀಲಿಯೊಳಗೇ ಇದ್ದ ಹಾಗೆ ಅಲ್ವಾ?

ಸಿಟಿ ಸ್ಕ್ಯಾನ್ ತರಿಸುತ್ತೇನೆ ಎಂದಿದ್ದಿರಿ. ತರಿಸಿ. ಲಕ್ವಾ ಹೊಡೆದವರ ಮೆದುಳಿನಲ್ಲಿ ರಕ್ತ ಸೋರಿದೆಯೋ, ನಾಳ ಕಟ್ಟಿದೆಯೋ ನೋಡದೆ ಔಷಧ ಕೊಡುವಂತಿಲ್ಲ. ಆದರೆ ಅದಕ್ಕೂ ರಾತ್ರಿ ಬೀಗ ಜಡಿದರೆ?

ನಾನು ಕೇಳುವುದು ಜಾಸ್ತಿ ಅಲ್ಲ. ಇಸಿಜಿ ಮಷಿನ್ನನ್ನು ಗಾಲಿಯ ಮೇಜಿನ ಮೇಲೆ ತುರ್ತು ವಿಭಾಗಕ್ಕೆ ತರಿಸಿ. ರಾತ್ರಿ ಪಾಳಿಯ ಎಲ್ಲ ಸಿಸ್ಟರುಗಳಿಗೂ ಅದನ್ನು ಬಳಸಲು ಕಲಿಸಿ. ಪಕ್ಕದಲ್ಲಿ ಎರಡು ರೋಲ್, ಒಂದು ರೇಜರ್ ಇರಲಿ.

ಕಾಕಾ ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಉಳಿದರು. ಈಗ ಹೊಲದ ಬದುವಿನ ತನಕ ನಡೆದರೂ ಏದುಸಿರು.

ಮುಂದಿನ ಸಲ ಆಸ್ಪತ್ರೆಗೆ ಬರುವಾಗ ಹಾರ-ತುರಾಯಿ ಹೊತ್ತಿಗೆ ಬರಬೇಡಿ. ರಾತ್ರಿ ಎರಡಕ್ಕೆ ಬನ್ನಿ, ಕೀಲಿ ಎಲ್ಲಿದೆ ಅಂತ ಕೇಳಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ರೈತ