ಕಂಪ್ಯೂಟರ್ ಕೊಠಡಿಗೆ ಸಂಗೀತದ ಕೀಬೋರ್ಡ್ ಕೊಡಿ

ಮಾನ್ಯರೇ,

ಗಂಗಾವತಿಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುತ್ತೇನೆ. ಸೋನಿಕ್ ಪೈ ಎಂಬ ಉಚಿತ ತಂತ್ರಾಂಶದಲ್ಲಿ ಕೋಡ್ ಬರೆದು ಸಂಗೀತ ನುಡಿಸಬಹುದು, ನುಡಿಯುತ್ತಿರುವಾಗಲೇ ತಿದ್ದಬಹುದು. ಕಂಪ್ಯೂಟರಿಗೆ ಯುಎಸ್‌ಬಿ ತಂತಿಯಿಂದ ಸಂಗೀತದ ಕೀಬೋರ್ಡ್ ಜೋಡಿಸಿ ‘ಮಿಡಿ 60’ ಎಂದು ಬರೆದರೆ ವಾದ್ಯವೇ 60ನೇ ಸಂಖ್ಯೆಯ ಸ್ವರ ನುಡಿಯುತ್ತದೆ. ತಂತಿಯಲ್ಲಿ ಹರಿಯುವುದು ಧ್ವನಿಯಲ್ಲ. ಯಾವ ಸ್ವರ, ಎಷ್ಟು ಒತ್ತು ಎಂಬ ಸಂದೇಶ. 1983ರಿಂದ ಬಳಕೆಯಲ್ಲಿರುವ ಈ ಮಿಡಿ ಪದ್ಧತಿಯಲ್ಲಿ ಸಂದೇಶ ಸಾಗಲು ಬೇರೆಬೇರೆ ದಾರಿಗಳಂತಿರುವ 16 ಚಾನೆಲ್‌ಗಳಿದ್ದು, ಒಂದರಲ್ಲಿ ಶ್ರುತಿ, ಇನ್ನೊಂದರಲ್ಲಿ ತಾಳ ಇಡಬಹುದು. ಮಗುವಿನ ಕಂಠಕ್ಕೆ ತಕ್ಕಂತೆ ಸಂಖ್ಯೆ ಬದಲಿಸಿದರೆ ಶ್ರುತಿ ಏರುತ್ತದೆ, ಇಳಿಯುತ್ತದೆ. ಗಣಿತಕ್ಕೆ ಹೆದರುವ ಮಕ್ಕಳೂ ಇಲ್ಲಿ ಸಂಖ್ಯೆಗಳೊಂದಿಗೆ ಸಲುಗೆ ಬೆಳೆಸುತ್ತಾರೆ, ಇದು ನನಗೆ ದೊಡ್ಡ ಸಂತೋಷ.

ಕಂಪ್ಯೂಟರ್ ಇರುವ ನಮ್ಮ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಿಗೆ ಶಿಕ್ಷಣ ಇಲಾಖೆ ಒಂದೊಂದು ಕೀಬೋರ್ಡ್ ಕೊಡಲಿ. ಖರೀದಿಸುವಾಗ ಯುಎಸ್‌ಬಿ ಮಿಡಿ ಸೌಲಭ್ಯವನ್ನೂ ಸ್ವಂತ ಸ್ಪೀಕರನ್ನೂ ಖಚಿತಪಡಿಸಿಕೊಳ್ಳಲಿ. ಸಂದೇಶ ಮಾತ್ರ ಕಳಿಸುವ ಬರೀ ಕಂಟ್ರೋಲರ್ ಕೀಬೋರ್ಡ್ ತಂದರೆ ಅದರಿಂದ ಸದ್ದೇ ಹೊರಡದು.

– ಸಂಗೀತ ಶಿಕ್ಷಕಿ, ಗಂಗಾವತಿ, ಕೊಪ್ಪಳ ಜಿಲ್ಲೆ